ಕ್ರಂಪ್ ಬರೆದ ಬೆಂಬಲ ಪತ್ರ

ಆ ಗುರುವಾರದ ರಾದ್ಧಾಂತಕ್ಕೆಲ್ಲ ಕಾರಣ ಆಡಳಿತ ಪಕ್ಷದ ಸದಸ್ಯ ಲಯನೆಲ್ ಕ್ರಂಪ್ ಅವರ ಎಡಗಡೆಯ ದವಡೆಹಲ್ಲು. ಮೂರು ವಾರದಿಂದ ಕಾಡುತ್ತಿದ್ದ ಅದನ್ನು ಬೆಳಿಗ್ಗೆ ಎಂಟೂವರೆಗೆ ಕೀಳಿಸಿಕೊಂಡು, ಅರ್ಧ ಮುಖ ಮರಗಟ್ಟಿಸಿಕೊಂಡು, ಅವರು ನೇರ ಪಾರ್ಲಿಮೆಂಟಿಗೆ ನಡೆದು ಬಂದರು. ಗೇಟಿನಲ್ಲಿ ಟಿವಿ ವರದಿಗಾರ್ತಿಯೊಬ್ಬಳು ಛತ್ರಿ ಹಿಡಿದು ನಿಂತಿದ್ದಳು.

“ಮಿಸ್ಟರ್ ಕ್ರಂಪ್! ಪ್ರಧಾನಿಗಳ ಮೇಲೆ ನಿಮಗಿನ್ನೂ ನಂಬಿಕೆ ಇದೆಯಾ?”

ಇದೆ ಎನ್ನಲು ಕ್ರಂಪ್ ಬಾಯಿ ತೆರೆದರು. ನಾಲಿಗೆ ಒದ್ದೆ ಕಾಲುಚೀಲದ ಹಾಗೆ ಬಿದ್ದುಕೊಂಡಿತ್ತು. ‘ಇಮ್ಮ್’ ಎಂಬ ನರಳಾಟವೊಂದು ಹೊರಬಂತು. ಕಿತ್ತ ಜಾಗ ಚುಳುಕ್ಕೆಂದು, ಕಣ್ಣಿಂದ ಎರಡು ಹನಿ ಉದುರಿದವು. ಅವರು ಕರವಸ್ತ್ರ ಬಾಯಿಗೊತ್ತಿಕೊಂಡು, ತಲೆಯಾಡಿಸುತ್ತ ಒಳಗೆ ಹೋಗಿಬಿಟ್ಟರು.

ಒಂಬತ್ತು ಗಂಟೆಗೆ ಟಿವಿಯಲ್ಲಿ ಸುದ್ದಿ: “ನಿಷ್ಠಾವಂತ ಸದಸ್ಯನ ಕಣ್ಣೀರು. ಪ್ರಧಾನಿಯ ಪರ ಒಂದು ಮಾತೂ ಹೊರಡಲಿಲ್ಲ.”

ಪ್ರಧಾನಿ ಮಾರ್ಟಿನ್ ಆಶ್‌ವರ್ತ್ ಕೆಟ್ಟ ಮನುಷ್ಯರೇನಲ್ಲ. ಆದರೆ ಅವರ ಮುಖ ಕಂಡರೆ ದೇಶಕ್ಕೆ ಆಕಳಿಕೆ ಬರುತ್ತಿತ್ತು. ಸಮೀಕ್ಷೆ ಮಾಡಿದರೆ ಅವರಿಗಿಂತ ಪಾರ್ಕಿಂಗ್ ದಂಡಕ್ಕೇ ಹೆಚ್ಚು ಮತ ಬೀಳುವಂತಿತ್ತು. ಇವರು ಹೋದರೆ ಸಾಕು ಎಂದು ಪಕ್ಷದೊಳಗೆ ಎಲ್ಲರೂ ಗೊಣಗುತ್ತಿದ್ದರು. ಆದರೆ ಚಳಿಯಿನ್ನೂ ಬಿಡದ ಅಲ್ಲಿನ ಮೇ ತಿಂಗಳಲ್ಲಿ ಸಮುದ್ರಸ್ನಾನಕ್ಕೆ ಬಂದವರ ಹಾಗೆ, ನೀರು ಎಷ್ಟು ತಣ್ಣಗಿದೆ ಎಂದು ಬೇರೆಯವರು ಇಳಿದು ಹೇಳಲಿ ಎಂದು ದಡದಲ್ಲೇ ನಿಂತಿದ್ದರು.

ಕ್ರಂಪ್‌ಗೆ ಇಳಿಯುವ ಆಸೆ ಖಂಡಿತ ಇರಲಿಲ್ಲ. ಲಯನೆಲ್ ಎಂಬ ಹೆಸರಿನೊಳಗಿನ ಸಿಂಹ ಹೆಸರು ಬಿಟ್ಟು ಎಂದೂ ಹೊರಗೆ ಬಂದದ್ದಿಲ್ಲ. ಅವರಿಗೆ ಬೇಕಿದ್ದದ್ದು ಒಂದೇ: ಮುಚ್ಚಿಹೋದ ಮಾರ್ಲ್‌ಕೋಂಬ್ ರೈಲು ನಿಲ್ದಾಣ ಮತ್ತೆ ತೆರೆಯಬೇಕು. ತಮ್ಮ ಊರಿನ ಜನ ಆಸ್ಪತ್ರೆಗೆ ಹೋಗಲು ಎರಡು ಬಸ್ಸು ಬದಲಾಯಿಸುವುದನ್ನು ಹನ್ನೊಂದು ವರ್ಷ ನೋಡಿ, ಹನ್ನೊಂದು ವರ್ಷ ಅರ್ಜಿ ಬರೆದು, ಕೊನೆಗೆ ಆಶ್‌ವರ್ತ್ ಬಾಯಿಂದ “ಗುರುವಾರ ಸಂಜೆ ಬನ್ನಿ, ಸಹಿ ಹಾಕ್ತೀನಿ” ಎನ್ನಿಸಿದ್ದರು. ಆ ಗುರುವಾರ ಇದೇ.

ಕೋಣೆಗೆ ಹೋದರೆ ಜೊತೆಯಲ್ಲಿ ಕೂರುವ ಸದಸ್ಯ ಎಮ್ರಿಸ್ ಎದ್ದು ನಿಂತು ಚಪ್ಪಾಳೆ ತಟ್ಟಿದ.

“ಭಲೇ ಕ್ರಂಪ್! ಎಲ್ರಿಗಿಂತ ಮೊದಲು ನೀನು ಧುಮುಕ್ತೀಯ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ಮಾರಾಯ.”

ಕ್ರಂಪ್ ಎರಡೂ ಕೈ ಅಡ್ಡಡ್ಡ ಆಡಿಸಿ, ಚೀಟಿಯ ಮೇಲೆ “ಹಲ್ಲು ಕಿತ್ತದ್ದು” ಎಂದು ಬರೆದು ಮುಂದೆ ಹಿಡಿದರು.

ಎಮ್ರಿಸ್ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಲ್ಲು ಕಿತ್ತ ಹಾವು! ಪ್ರಧಾನಿ ಈಗ ಹಲ್ಲು ಕಿತ್ತ ಹಾವು ಅಂತೀಯ! ತಾಳು, ಇದನ್ನ ಎಲ್ರಿಗೂ ಹೇಳ್ಬೇಕು.” ಚೀಟಿ ಕಸಿದುಕೊಂಡು ಓಡಿಯೇಬಿಟ್ಟ.

ಹನ್ನೊಂದಕ್ಕೆ ಪಾರ್ಲಿಮೆಂಟಿನ ಚಹಾ ಕೋಣೆಗೆ ಕಾಲಿಟ್ಟರೆ ಗುಂಪು ಮುತ್ತಿಕೊಂಡಿತು. ಬೆನ್ನು ತಟ್ಟುವವರು, ಕೈ ಕುಲುಕುವವರು. ಯಾರೋ ಅವರ ಮುಂದೆ ಕೇಕಿನ ತಟ್ಟೆಯಿಟ್ಟರು. ತಿನ್ನಲಾಗದೆ ಕ್ರಂಪ್ ಅದನ್ನು ಪಕ್ಕಕ್ಕೆ ಸರಿಸಿದರು. “ನೋಡಿ, ಊಟವನ್ನೂ ಬಿಟ್ಟಿದ್ದಾರೆ,” ಎಂದು ಒಬ್ಬರು ಪಿಸುಗುಟ್ಟಿದರು. ಮಧ್ಯಾಹ್ನದ ಹೊತ್ತಿಗೆ ನಲವತ್ತು ಮಂದಿ ಪ್ರಧಾನಿ ಹೋಗಲಿ ಎನ್ನುತ್ತ ನೀರಿಗಿಳಿದಿದ್ದರು.

ಗೃಹ ಸಚಿವೆ ಇಮೋಜೆನ್ ಸ್ಟ್ರೌಡ್ ಮೆಟ್ಟಿಲ ಬಳಿ ಅವರನ್ನು ತಡೆದರು. ಪ್ರಧಾನಿಯ ಕುರ್ಚಿಯ ಅಳತೆ ಆಕೆಗೆ ಬಾಯಿಪಾಠ ಎಂದು ಎಲ್ಲರಿಗೂ ಗೊತ್ತಿತ್ತು.

“ಲಯನೆಲ್, ಮೌನ ಅಂದ್ರೆ ಅದು! ನಾನಂತೂ ಪ್ರಧಾನಿಗಳ ಬೆನ್ನ ಹಿಂದೇನೇ ಇದೀನಪ್ಪ,” ಎಂದು ಕಣ್ಣು ಮಿಟುಕಿಸಿ ಹೋದರು.

ಹನ್ನೆರಡೂವರೆಗೆ ನಾಲಿಗೆಗೆ ಜೀವ ಬಂತು. ಸತ್ಯ ಹೇಳಿಬಿಡೋಣ ಎಂದು ಕ್ರಂಪ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಫೋನು. ಹೆಂಡತಿ ಹೆಟ್ಟಿ.

“ರೀ, ಟಿವಿ ನೋಡ್ದೆ. ಎದುರುಮನೆ ಮಿಸೆಸ್ ಓಕ್ಸ್ ಓಡಿ ಬಂದು ತಬ್ಕೊಂಡ್ಳು. ‘ನಿಮ್ಮೆಜಮಾನ್ರಿಗೆ ಬೆನ್ನುಮೂಳೆ ಇದೆ ಅಂತ ಗೊತ್ತೇ ಇರ್ಲಿಲ್ಲ’ ಅಂದ್ಳು. ನನಗೂ ಗೊತ್ತಿರ್ಲಿಲ್ಲ ಕಣ್ರೀ!”

“ಹೆಟ್ಟಿ, ಅದು ಏನಾಯ್ತು ಅಂದ್ರೆ...”

“ಏನೂ ಹೇಳ್ಬೇಡಿ. ಮೊದ್ಲು ಇದನ್ನ ಅನುಭವಿಸ್ತೀನಿ.”

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿ ತನ್ನ ಬಗ್ಗೆ ಹೆಮ್ಮೆಪಟ್ಟದ್ದು ಇದೇ ಮೊದಲು. ಸತ್ಯವನ್ನು ಅವರು ಕೇಕಿನ ಹಾಗೆಯೇ ಪಕ್ಕಕ್ಕೆ ಸರಿಸಿದರು.

ಆದರೆ ನಿಲ್ದಾಣ? ಸಂಜೆ ಯಾವ ಮುಖ ಹೊತ್ತು ಸಹಿ ಕೇಳುವುದು? ಕೂತಲ್ಲೇ ಬೆವರುತ್ತಿದ್ದಾಗ ಪಕ್ಷದ ಮುಖ್ಯ ಸಚೇತಕಿ ಬೆರಿಲ್ ನಾಕ್ಸ್ ಬಾಗಿಲು ತಳ್ಳಿಕೊಂಡು ಬಂದರು. ಪ್ರಧಾನಿಯನ್ನು ಬೆಂಬಲಿಸುವವರೆಲ್ಲ ನಾಲ್ಕು ಗಂಟೆಯೊಳಗೆ ಅವರ ಮನೆಗೆ ಪತ್ರ ಕಳಿಸಬೇಕು, ವಿಷಯ ಗುಟ್ಟಾಗಿರುತ್ತದೆ ಎಂಬ ಸುತ್ತೋಲೆ ಆಕೆಯ ಕೈಯಲ್ಲಿತ್ತು.

“ನಿಮಗೆ ಕೊಟ್ಟೇನುಪಯೋಗ? ಆದ್ರೂ ನಿಯಮ ನಿಯಮಾನೇ. ತಗೊಳ್ಳಿ.”

“ಎಲ್ರೂ ಬರೀತಾರಾ ಬೆರಿಲ್?”

“ಇನ್ನೂರು ಪತ್ರಕ್ಕೆ ಮೋಸವಿಲ್ಲ ಅಂತ ಪ್ರಧಾನಿಗಳಿಗೆ ಮಾತು ಕೊಟ್ಟಿದೀನಿ.”

ಕ್ರಂಪ್ ಮುಖ ಅರಳಿತು. ಇನ್ನೂರರಲ್ಲಿ ಒಂದು ಪತ್ರ ಸೇರಿದರೆ ಯಾರಿಗೆ ಕಾಣುತ್ತದೆ? ಹೆಟ್ಟಿಗೆ ತಾನು ವೀರ, ಪ್ರಧಾನಿಗೆ ನಂಬಿಗಸ್ತ, ಊರಿಗೆ ರೈಲು. ಗ್ರಂಥಾಲಯದ ಮೂಲೆಯಲ್ಲಿ ಕೂತು ಎರಡು ಪುಟ ಬರೆದರು. ಬರೆಯುತ್ತ ಬರೆಯುತ್ತ ತಮ್ಮ ಮಾತಿಗೆ ತಾವೇ ಕರಗಿದರು. ಲಕೋಟೆಗೆ ಅಂಟು ಹಚ್ಚಿ, ಎಮ್ರಿಸ್ ಕಣ್ಣಿಗೆ ಬೀಳದಂತೆ ಕಳಿಸಿಬಿಟ್ಟರು.

ಐದು ಗಂಟೆಗೆ ಪ್ರಧಾನಿಯ ಮನೆಯಿಂದ ಕರೆ ಬಂತು.

ಆಶ್‌ವರ್ತ್ ಒಬ್ಬರೇ ಕೂತಿದ್ದರು. ಮೇಜಿನ ಮೇಲೆ ಎರಡು ದೊಡ್ಡ ಟ್ರೇ. ಒಂದರಲ್ಲಿ ಮನೆಯ ಬೆಕ್ಕು ಸುರುಳಿ ಸುತ್ತಿ ಮಲಗಿತ್ತು. ಇನ್ನೊಂದರಲ್ಲಿ ಒಂದೇ ಒಂದು ಲಕೋಟೆ.

“ಕೂತ್ಕೊಳ್ಳಿ ಲಯನೆಲ್. ಒಂದು ಟ್ರೇ ಸಾಲ್ದೇನೋ ಅಂತ ಎರಡನೇದನ್ನೂ ನಾನೇ ಇಡಿಸಿದ್ದೆ.”

ಕ್ರಂಪ್‌ಗೆ ತಮ್ಮ ಕೈಬರಹ ದೂರದಿಂದಲೇ ಗುರುತು ಸಿಕ್ಕಿತು. “ಸರ್, ಅಂಚೆ ಏನಾದ್ರೂ ತಡವಾಗಿ...”

“ಒಂದೂ ಬರದೇ ಇದ್ದಿದ್ರೆ ನಾನೂ ಹಾಗೇ ಅಂದ್ಕೊಂಡು ನಾಳೆವರೆಗೆ ಕಾಯ್ತಿದ್ದೆ. ನಿಮ್ಮದು ಬಂತಲ್ಲ, ದಾರಿ ಸರಿಯಾಗೇ ಇದೆ ಅಂತ ಗೊತ್ತಾಯ್ತು. ಬೆಳಿಗ್ಗೆಯಿಂದ ಬಂಡಾಯದ ಮುಂದಾಳು ಅಂತ ಟಿವಿಯಲ್ಲಿ ನಿಮ್ಮನ್ನೇ ತೋರಿಸ್ತಿದಾರೆ. ನನಗಿರೋ ಬೆಂಬಲಿಗನೂ ನೀವೇ. ಇನ್ನು ಲೆಕ್ಕ ಹಾಕೋಕೆ ಏನಿದೆ ಹೇಳಿ?”

ಕ್ರಂಪ್ ತಡೆಯಲಾಗದೆ ದಂತವೈದ್ಯರ ಕುರ್ಚಿಯಿಂದ ಹಿಡಿದು ಎಲ್ಲ ಕಥೆ ಹೇಳಿಬಿಟ್ಟರು. ಆಶ್‌ವರ್ತ್ ಕೇಳುತ್ತ ಕೇಳುತ್ತ ನಗತೊಡಗಿದರು. ಬೆಕ್ಕು ಎದ್ದು ಕೂರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ಜನ ಒಮ್ಮೆ ನೋಡಿದ್ದರೆ ಇನ್ನೂ ಐದು ವರ್ಷ ಇಟ್ಟುಕೊಳ್ಳುತ್ತಿದ್ದರೇನೋ ಎಂದು ಕ್ರಂಪ್‌ಗೆ ಅನ್ನಿಸಿತು.

“ಹಾಗಾದ್ರೆ ನಿಜವಾಗ್ಲೂ ಒಬ್ಬ ಇದ್ದ ಅನ್ನಿ,” ಎಂದು ಕಣ್ಣೊರೆಸಿಕೊಂಡು ಪ್ರಧಾನಿ ಎದ್ದರು. “ಬಹಳ ಉಪಕಾರ ಆಯ್ತು.”

“ಸರ್, ನಿಲ್ದಾಣದ ಕಡತ... ಸಹಿ...”

“ಅಯ್ಯೋ ಲಯನೆಲ್, ಹೊರಟು ನಿಂತೋನು ಹೊಸದಕ್ಕೆಲ್ಲ ಸಹಿ ಹಾಕೋ ಹಾಗಿಲ್ಲ. ಮುಂದೆ ಬರೋರನ್ನ ಕೇಳಿ.”

ಬಾಗಿಲು ತೆರೆದು, ಬೀದಿಯಲ್ಲಿ ತುಂಬಿದ್ದ ಕ್ಯಾಮೆರಾಗಳ ಮುಂದೆ ನಿಂತು, ಆಶ್‌ವರ್ತ್ ರಾಜೀನಾಮೆ ಘೋಷಿಸಿದರು. “ನನ್ನ ಕಣ್ಣು ತೆರೆಸಿದ್ದು ಗೆಳೆಯ ಲಯನೆಲ್ ಕ್ರಂಪ್ ಬರೆದ ಬೆಂಬಲ ಪತ್ರ,” ಎಂದು ಹೆಸರು ಹಿಡಿದೇ ಹೇಳಿದರು. ಒಳಗೆ ಕಿಟಕಿಯ ಪರದೆ ಹಿಡಿದುಕೊಂಡು ಕ್ರಂಪ್ ಕಣ್ಣು ಮುಚ್ಚಿದರು.

ಆರು ಗಂಟೆಗೆಲ್ಲ ಪಕ್ಷಕ್ಕೆ ಪಕ್ಷವೇ ಆಶ್‌ವರ್ತ್‌ಗಾಗಿ ಮರುಗುತ್ತಿತ್ತು. ಎಂಥ ಸಜ್ಜನ, ಯಾರಪ್ಪ ಓಡಿಸಿದವರು ಎಂದು ಬೆಳಗಿನ ನಲವತ್ತು ಮಂದಿಯೇ ಕೇಳುತ್ತಿದ್ದರು. ಎಮ್ರಿಸ್ ಎದುರಿಗೆ ಸಿಕ್ಕರೂ ನಿಲ್ಲಲಿಲ್ಲ. “ಹಗಲೆಲ್ಲ ನಮ್ಮ ಕೇಕು, ಒಳಗೊಳಗೆ ಅವರಿಗೆ ಕಾಗದ. ಥೂ!” ಎಂದು ಹೋದ. ಬೆರಿಲ್ ನಾಕ್ಸ್ ಅಂತೂ, “ನೀವು ಸುಮ್ಮನಿದ್ದಿದ್ರೆ ಅಂಚೆ ಮೇಲೆ ಹಾಕಿ ಬಚಾವಾಗ್ತಿದ್ವಿ!” ಎಂದು ಹರಿಹಾಯ್ದರು. ಹೆಟ್ಟಿ ಫೋನು ಎತ್ತಲಿಲ್ಲ.

ಆ ರಾತ್ರಿ ರೈಲು ಹಳಿ ಮುಗಿಯುವ ಊರಿನಲ್ಲಿ ಇಳಿದು, ಮಾರ್ಲ್‌ಕೋಂಬ್ ಬಸ್ಸಿಗೆಂದು ಕ್ರಂಪ್ ತಂಗುದಾಣದ ಬೆಂಚಿನಲ್ಲಿ ಕೂತಿದ್ದಾಗ ಇಮೋಜೆನ್ ಸ್ಟ್ರೌಡ್ ಫೋನು ಮಾಡಿದರು.

“ಲಯನೆಲ್, ನಾಯಕತ್ವಕ್ಕೆ ನಾನು ನಿಲ್ತಾ ಇದೀನಿ.”

“ಸಂತೋಷ ಮೇಡಂ. ನನ್ನ ಬೆಂಬಲ ನಿಮ...”

“ಬೇಡ!” ಆಕೆ ಕಿರುಚಿದ ರಭಸಕ್ಕೆ ಫೋನು ಕೈಜಾರಿತು. ಎತ್ತಿ ಕಿವಿಗಿಟ್ಟುಕೊಂಡಾಗ ದನಿ ಜೇನಾಗಿತ್ತು. “ನಿಮ್ಮ ಬೆಂಬಲ ಖಜಾನೆ ಸಚಿವ ಹ್ಯಾಮಿಶ್‌ಗೆ ಕೊಡಿ. ಅವನೂ ನಿಲ್ತಾನೆ. ಇವತ್ತು ಬರೆದ್ರಲ್ಲ, ಅಂಥದ್ದೇ ಎರಡು ಪುಟ ಬರೆದು ಕಳಿಸಿ. ನಾನು ಗೆದ್ದ ಮಾರನೇ ದಿನ ನಿಮ್ಮ ನಿಲ್ದಾಣಕ್ಕೆ ಸಹಿ.”

ಹತ್ತು ನಿಮಿಷಕ್ಕೆ ಹ್ಯಾಮಿಶ್ ಡನ್ ಅವರದೇ ಫೋನು.

“ಕ್ರಂಪ್ ಸಾಹೇಬ್ರೇ, ಇಮೋಜೆನ್‌ಗೆ ಒಂದು ಬೆಂಬಲ ಪತ್ರ ಬರೆದುಬಿಡಿ. ನಾಲ್ಕು ಪುಟ ಆದ್ರೂ ಪರವಾಗಿಲ್ಲ. ಗೆದ್ರೆ ನಿಮ್ಮೂರಿಗೆ ಎರಡು ಪ್ಲಾಟ್‌ಫಾರಂ ಹಾಕಿಸ್ತೀನಿ. ನನಗೆ ಮಾತ್ರ ದೇವರಾಣೆಗೂ ಬರೀಬೇಡಿ.”

ಕ್ರಂಪ್ ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಯಾರನ್ನು ಬೆಂಬಲಿಸಿ ಮುಳುಗಿಸುವುದು? ಇಬ್ಬರಿಗೂ ಬರೆದರೆ ಇಬ್ಬರೂ ಮುಳುಗಿ, ನಿಲ್ದಾಣದ ಹೆಸರೇ ಕೇಳದ ಮೂರನೆಯವನೊಬ್ಬ ತೇಲಿಬಂದರೆ? ಯಾರಿಗೂ ಬರೆಯದಿದ್ದರೆ ಇಬ್ಬರಿಗೂ ಸಿಟ್ಟು. ಪೆನ್ನಿನ ಮುಚ್ಚಳ ಕಚ್ಚಿಕೊಂಡು ಅವರು ಯೋಚನೆಯಲ್ಲಿ ಮುಳುಗಿದರು. ಎಷ್ಟು ಮುಳುಗಿದರೆಂದರೆ, ಮಾರ್ಲ್‌ಕೋಂಬ್ ಬಸ್ಸು ಎದುರಿಗೆ ಬಂದಾಗ ಕೈ ಅಡ್ಡ ಮಾಡುವುದನ್ನೇ ಮರೆತರು. ಬಸ್ಸು ಅವರ ಮೊಣಕಾಲಿಗೆ ಕೆಸರು ಸಿಡಿಸಿ ಮುಂದೆ ಹೋಯಿತು.

ಮುಂದಿನ ಬಸ್ಸಿಗೆ ಒಂದೂವರೆ ಗಂಟೆಯಿತ್ತು.