ಅಧ್ಯಕ್ಷರು ಅರಳಿದ್ದು

ಸನ್ಮಾನ ಮಾಡದೆ ಯಾವ ಜೀವಿಯನ್ನೂ ಸಂರಕ್ಷಿಸಲಾಗದು ಎಂಬುದು ಐರ್ಲೆಂಡಿನ ಕಾವೇರಿ-ಲಿಫಿ ಕನ್ನಡ ಕೂಟದ ಅಂಗೀಕೃತ ನಿಲುವು. ಕಾರ್ಯದರ್ಶಿಯಾದ ನಾನು, ಸುಬ್ರಾಯ, ಇದನ್ನು ಝೂಮ್ ಸಭೆಯಲ್ಲಿ ಓದಿದಾಗ ಯಾರೂ ಆಕ್ಷೇಪಿಸಲಿಲ್ಲ. ಎಲ್ಲರೂ ಮ್ಯೂಟ್‌ನಲ್ಲಿದ್ದರು.

ಕೊರೊನಾದ ಮೊದಲ ವರ್ಷ, ಮೇ ತಿಂಗಳ ಜೇನು ದಿನಾಚರಣೆಯ ಸನ್ಮಾನಕ್ಕೆ ಕೂಟವು ಶಕುಂತಲಾ ಅವರನ್ನು ಆರಿಸಿತು. ಅವರು ಆಸ್ಪತ್ರೆಯಲ್ಲಿ ನರ್ಸ್. ಬ್ಲಾಂಚರ್ಡ್ಸ್‌ಟೌನ್‌ನ ಬಾಡಿಗೆ ಮನೆಯ ಹಿಂದೆ ಒಂದು ಜೇನುಪೆಟ್ಟಿಗೆ ಇಟ್ಟಿದ್ದರು. ಬೇಲಿಯಾಚೆಯ ಹುಲ್ಲುಗಾವಲಿಗೆ ಮಷಿನ್ ಹೊಡೆಯಬೇಡಿ ಎಂದು ಬಡಾವಣೆಯವರನ್ನು ಕಾಡಿ ಬೇಡಿ ಒಪ್ಪಿಸಿದ್ದೂ ಅವರೇ. ವಸಂತದಲ್ಲಿ ಹಳದಿ ಡ್ಯಾಂಡೆಲಿಯಾನ್, ಆಮೇಲೆ ಬಿಳಿ ಕ್ಲೋವರ್, ಬೇಸಿಗೆಗೆ ಬ್ಲ್ಯಾಕ್‌ಬೆರಿ, ಚಳಿಗೆ ಮುಂಚೆ ಐವಿ ಬಳ್ಳಿಯ ಹೂವು. ಹುಳುಗಳ ವರ್ಷದ ಊಟ ಅಷ್ಟೇ.

"ವಾರ್ಡಲ್ಲಿ ಎಷ್ಟೋ ಜನ ಕೈತಪ್ಪಿ ಹೋಗ್ತಿದಾರೆ ಸರ್. ಇವಾದ್ರೂ ಉಳ್ಕೊಳ್ಳಲಿ" ಎಂದಿದ್ದರು. ಈ ಮಾತು ಸನ್ಮಾನಪತ್ರಕ್ಕೆ ಉದ್ದವಾದ್ದರಿಂದ ಕೈಬಿಡಲಾಯಿತು.

ಹೂವಿನಂಗಡಿಗಳು ಮುಚ್ಚಿದ್ದವು. ಹಾರವಿಲ್ಲದ ಸನ್ಮಾನಕ್ಕೆ ನಮ್ಮ ನಿಯಮದಲ್ಲಿ ಅವಕಾಶವಿಲ್ಲ. ಅಧ್ಯಕ್ಷ ಸತ್ಯಪ್ರಕಾಶ್ ಬೇಲಿಯಾಚೆ ಇಣುಕಿ, "ಅಯ್ಯೋ, ಇಷ್ಟೊಂದು ಹೂವು ಸುಮ್ನೆ ಬಿದ್ದೈತಲ್ರೀ!" ಎಂದರು. ಶಕುಂತಲಾ ಡ್ಯೂಟಿಗೆ ಹೋದಾಗ ಸ್ವಯಂಸೇವಕರು ಎರಡು ಮೀಟರ್ ಅಂತರ ಕಾಯ್ದುಕೊಂಡು ಹುಲ್ಲುಗಾವಲನ್ನು ಬೋಳಿಸಿದರು. ಡ್ಯಾಂಡೆಲಿಯಾನ್, ಕ್ಲೋವರ್ ಹಾರಕ್ಕೆ. ಬ್ಲ್ಯಾಕ್‌ಬೆರಿ, ಐವಿ ಬಳ್ಳಿ ತೋರಣಕ್ಕೆ. ಹೂವು ಉಳಿದದ್ದರಿಂದ ಅಧ್ಯಕ್ಷರಿಗೂ ಒಂದು ಹಾರವಾಯಿತು.

ಸನ್ಮಾನದ ದಿನ ಹಿತ್ತಲಲ್ಲೇ, ಕೊರೊನಾ ಮಾರ್ಗಸೂಚಿಯಂತೆ ಹಾರವನ್ನು ಕರ್ಟನ್ ರಾಡ್‌ನ ತುದಿಗೆ ಸಿಕ್ಕಿಸಿ ಶಕುಂತಲಾ ಅವರ ಕೊರಳಿಗೆ ಇಳಿಸಿದೆವು. ಅವರು ಹಾರ ನೋಡಿದರು, ಹುಲ್ಲುಗಾವಲು ನೋಡಿದರು.

"ಇದು ನಮ್ಮ ಹುಳುಗಳ ಊಟ ಅಲ್ವಾ ಸರ್?"

"ಅದಕ್ಕೇ ಅಲ್ವೇನ್ರೀ ಇಷ್ಟು ಅರ್ಥಪೂರ್ಣ!" ಎಂದರು ಅಧ್ಯಕ್ಷರು.

ಶಕುಂತಲಾ ಅತ್ತುಬಿಟ್ಟರು. ಆನಂದಬಾಷ್ಪವೆಂದು ದಾಖಲಿಸಿದ್ದೇನೆ.

ಅಷ್ಟರಲ್ಲಿ ಹಸಿದ ಹುಳುಗಳು ಅಧ್ಯಕ್ಷರ ಹಾರಕ್ಕೆ ಮುತ್ತಿದವು. ಅವರು ಕದಲಲಿಲ್ಲ. ಹೆದರಿಕೆಯನ್ನು ಗಾಂಭೀರ್ಯವೆಂದು ತೋರಿಸುವುದು ಅವರಿಗೆ ರೂಢಿ. ಫೋಟೊ ಚೆನ್ನಾಗಿ ಬಂತು. ಒಡನೆ ನಿರ್ಣಯವಾಯಿತು: ಹುಲ್ಲುಗಾವಲಿನಲ್ಲಿ ಹೂವುಗಳ ಸ್ಥಾನ ತೆರವಾಗಿರುವುದರಿಂದ ಪದಾಧಿಕಾರಿಗಳೇ ಋತುವಾರು ಹೂವಾಗಿ ಸೇವೆ ಸಲ್ಲಿಸತಕ್ಕದ್ದು. ಅಧ್ಯಕ್ಷರು ಡ್ಯಾಂಡೆಲಿಯಾನ್. ನಾನು ಕ್ಲೋವರ್. ಖಜಾಂಚಿ, ಸ್ವಭಾವ ನೋಡಿ, ಬ್ಲ್ಯಾಕ್‌ಬೆರಿ ಮುಳ್ಳು.

ಮರುದಿನ ಹಾರ ಬಾಡಿತು. ಅಧ್ಯಕ್ಷರು ಹಳದಿ ಶಾಲು ಹೊದ್ದು ಹುಲ್ಲುಗಾವಲಿನಲ್ಲಿ ನಿಂತೇ ಇದ್ದರು. ಹುಳು ಒಂದೂ ಬರಲಿಲ್ಲ.

"ಸರ್, ನಿಮ್ಮಲ್ಲಿ ಮಕರಂದ ಇಲ್ಲ" ಎಂದರು ಶಕುಂತಲಾ.

"ಇಷ್ಟು ವರ್ಷದಲ್ಲಿ ಯಾವ ಸದಸ್ಯರೂ ಹಾಗಂದಿಲ್ಲ ಕಣಮ್ಮಾ."

ಶಕುಂತಲಾ ಒಳಗೆ ಹೋಗಿ ಸಕ್ಕರೆ ನೀರು ಕಲಸಿ ತಂದರು. "ತೀರ್ಥಕ್ಕೆ ಹಿಡಿಯೋ ಹಾಗೆ ಕೈ ಹಿಡೀರಿ" ಎಂದು ಅಂಗೈಗೆ ಸುರಿದರು. ಹುಳುಗಳು ಬಂದು ಕುಡಿದವು.

"ನೋಡಿದ್ರಾ, ಅರಳಿದೆ!" ಎಂದು ಅಧ್ಯಕ್ಷರು ಪಿಸುಗುಟ್ಟಿದರು. ನಾಯಿ ಹಿಡಿದು ಹೊರಟಿದ್ದ ಐರಿಶ್ ತಾತ ಬೇಲಿಯ ಬಳಿ ನಿಂತು ನೋಡಿ, "ಗ್ರ್ಯಾಂಡ್" ಎಂದು ಮುಂದೆ ಹೋದರು.

ಐವಿ ಹುದ್ದೆಗೆ ಮಾತ್ರ ಯಾರೂ ಸಿಗಲಿಲ್ಲ. ಅಕ್ಟೋಬರ್‌ನಲ್ಲಿ ಮಳೆ, ಚಳಿ ನೋಡಿ. ಆದರೆ ಚಳಿಗಾಲಕ್ಕೆ ಮುಂಚೆ ಹುಳುಗಳಿಗೆ ಕೊನೆಯ ಊಟ ಅದೇ. ಝೂಮ್‌ನಲ್ಲಿ ಶಕುಂತಲಾ ಕೈ ಎತ್ತಿದರು.

"ನಾನೇ ಐವಿ ಆಗ್ತೀನಿ ಸರ್. ರಜೆ ಹಾಕ್ತೀನಿ."

ಸಭೆ ಅವಿರೋಧವಾಗಿ ಒಪ್ಪಿತು. ಕೂಟದಿಂದ ಹೂವಾಗಿ ಆಯ್ಕೆಯಾದ ಮೊದಲ ಮಹಿಳೆಯಾದ್ದರಿಂದ ಅವರಿಗೆ ಮತ್ತೊಂದು ಸನ್ಮಾನ ಏರ್ಪಡಿಸಿದ್ದೇವೆ. ಹಾರಕ್ಕೆ ಚಿಂತೆಯಿಲ್ಲ, ಪಕ್ಕದ ಬಡಾವಣೆಯಲ್ಲಿ ಹೂವು ಸುಮ್ಮನೆ ಬಿದ್ದಿದೆಯಂತೆ.