ಅತ್ತೆಯ ತೋಳಿನ ಪ್ಯಾಚು

ನಗಬಾರದ ಮನೆಯಲ್ಲೇ ನಗು ಬರುವಂಥದ್ದು ಯಾಕೆ ಮೇಲಿಂದ ಮೇಲೆ ನಡೆಯುತ್ತದೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಅತ್ತೆ ಹೋಗಿ ವರ್ಷವಾಗುತ್ತ ಬಂತು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಗುಣವಾಗುವುದಿಲ್ಲ ಎಂದು ಡಾಕ್ಟರು ನಮಗೆ ಹೇಳಿದರು. ಅತ್ತೆ ಒತ್ತಾಯ ಮಾಡಿದ್ದಕ್ಕೆ ಅವರಿಗೂ ಹೇಳಿದರು. ಅತ್ತೆ ಅಳಲಿಲ್ಲ. ಕೇಳಿದ್ದು ಇಷ್ಟೇ: "ಬೆಳಿಗ್ಗೆ ಅರ್ಧ ಗಂಟೆ ನೆಟ್ಟಗೆ ಕೂರೋ ಹಂಗೆ ಮಾಡಿಕೊಡಿ ಸ್ವಾಮಿ. ಲಿಂಗಪೂಜೆ ಮಲಗಿಕೊಂಡು ಮಾಡೋಕಾಗಲ್ಲ."

ಆ ಅರ್ಧ ಗಂಟೆಗಾಗಿ ನಮ್ಮ ಮನೆಗೆ ಬಂದದ್ದು ನೋವಿನ ಪ್ಯಾಚು. ಎರಡು ಬೆರಳು ಅಗಲದ, ಕಂಡೂ ಕಾಣದಂಥ ತೆಳ್ಳನೆ ಹಾಳೆ. ತೋಳಿಗೆ ಅಂಟಿಸಿದರೆ ಮೂರು ದಿನ ನಿಧಾನಕ್ಕೆ ಚರ್ಮದೊಳಗೆ ಔಷಧಿ ಇಳಿಯುತ್ತಿರುತ್ತದೆ. ಮೂರು ದಿನಕ್ಕೊಮ್ಮೆ ಹಳೆಯದು ಕಿತ್ತು ಹೊಸದು ಹಾಕಬೇಕು. ನಾನು ಓದಿದ್ದು ಫಾರ್ಮಸಿ. ಶಿರಾ ಗೇಟ್ ಹತ್ತಿರ ಒಂದು ಮೆಡಿಕಲ್ ಸ್ಟೋರಿನಲ್ಲಿ ಹದಿನೆಂಟು ವರ್ಷದಿಂದ ಕೌಂಟರಿನ ಹಿಂದೆ ನಿಂತಿದ್ದೇನೆ. ಚರ್ಮದ ಮೂಲಕ ಔಷಧಿ ಹೇಗೆ ರಕ್ತಕ್ಕೆ ಸೇರುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಒಳ್ಳೆ ಮಾರ್ಕ್ಸ್ ತೆಗೆದವಳು. ಮನೆಯಲ್ಲಿ ಇದ್ದವರು ಅತ್ತೆ, ನಮ್ಮ ಮನೆಯವರು, ನಾನು. ಮೂವರಲ್ಲಿ ಒಬ್ಬಳು ಫಾರ್ಮಸಿಸ್ಟ್. ಇನ್ನು ತಪ್ಪಾಗುವುದಕ್ಕೆ ಏನಿದೆ ಅಂದುಕೊಂಡೆ.

ಕೋರದ ಟವೆಲು

ಅತ್ತೆಗೆ ಆ ಪ್ಯಾಚಿನ ಮೇಲೆ ನಂಬಿಕೆಯೇ ಬರಲಿಲ್ಲ.

"ಹೊಟ್ಟೆಗೆ ಹೋಗದೇ ಇರೋದು ಅದ್ಯಾವ ಸೀಮೆ ಔಷಧೀನೇ? ಮಕ್ಕಳು ಪುಸ್ತಕಕ್ಕೆ ಅಂಟಿಸೋ ಸ್ಟಿಕ್ಕರ್ ತಂದು ನನ್ನ ತೋಳಿಗೆ ಅಂಟಿಸ್ತಿದೀಯಾ."

ನಂಬಿಸಬೇಕಲ್ಲ, ಅದಕ್ಕೇ ಆ ವಾರ ಅಂಗಡಿಯಲ್ಲಿ ನಡೆದದ್ದನ್ನು ಹೇಳಿದೆ. ಪಕ್ಕದ ಕೋರ ಊರಿನ ಕಡೆಯ ರೈತರೊಬ್ಬರು ಬಂದರು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು. "ತಲೆ ಸುತ್ತೋಕೆ ಒಂದ್ ಮಾತ್ರೆ ಕೊಡಿ ಮೇಡಂ" ಅಂದರು.

"ಏನ್ ಕೆಲಸ ಮಾಡ್ತಿದ್ರಿ?"

"ಟೊಮ್ಯಾಟೊಗೆ ಔಷಧಿ ಹೊಡೀತಿದ್ದೆ."

ಬೆನ್ನಿಗೆ ಹೊತ್ತ ಕ್ಯಾನು ಸೋರಿ ಅಂಗಿ ಪೂರ್ತಿ ನೆಂದಿತ್ತು. ಕಾಲಲ್ಲಿ ಚಪ್ಪಲಿಯೂ ಇಲ್ಲ.

"ಅಯ್ಯೋ, ಮೈಯೆಲ್ಲ ಔಷಧಿ ಆಗಿದೆಯಲ್ರೀ!"

"ಮೈಗೆ ತಾನೆ, ಬುಡಿ. ಬಾಯಿ ಮೂಗಿಗೆ ಒಂದ್ ತೊಟ್ಟೂ ಹೋಗಿಲ್ಲ. ಟವೆಲ್ ಬಿಗಿಯಾಗಿ ಕಟ್ಟಿದ್ದೆ."

ಆ ಟವೆಲಿನಲ್ಲೇ ಮೊದಲು ಸೋರುವ ಕ್ಯಾನನ್ನು ಒರೆಸಿ, ಆಮೇಲೆ ಮುಖಕ್ಕೆ ಬಿಗಿಯಾಗಿ ಕಟ್ಟಿದ್ದರು. ಕೈಗೆ ಗ್ಲೌಸ್ ಹಾಕಿಕೊಂಡು ಅಂಗಿ ಬಿಚ್ಚಿಸಿ, ಅಂಗಡಿ ಮುಂದಿನ ನಲ್ಲಿಯಲ್ಲಿ ನೀರು ಸುರಿದು, ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆವು. ನಾಲ್ಕು ದಿನ ಅಲ್ಲಿದ್ದು ಬದುಕಿಕೊಂಡರು.

"ನೋಡಿದ್ರಾ ಅತ್ತೆ? ಹೊಟ್ಟೆಗೇ ಹೋಗಬೇಕು ಅಂತಿಲ್ಲ. ಚರ್ಮವೇ ಕುಡಿದುಬಿಡುತ್ತೆ" ಅಂದೆ.

ಅತ್ತೆ ಪ್ಯಾಚಿನ ಕವರನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಮಗನನ್ನು ಕೂಗಿದರು. "ಲೋ, ಬಾರೋ ಇಲ್ಲಿ. ನಿನ್ನ ಹೆಂಡ್ತಿ ನನಗೆ ಯಾವ ಔಷಧಿ ಹೊಡೀತಾವ್ಳೆ, ಆ ಕವರ್ ಮೇಲೆ ಸ್ವಲ್ಪ ಓದಿ ನೋಡು."

ಒಣಗಿದ ಜಾಗ

ಮೊದಲನೇ ಪ್ಯಾಚು ನಾನೇ ಹಾಕಿದೆ. ಮಾರನೇ ದಿನಕ್ಕೆ ನೋವು ತಗ್ಗಿತು. ಅದರ ಮಾರನೇ ದಿನ ಅತ್ತೆ ಗೋಡೆಗೆ ಒರಗದೆ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿದರು. ನಾನು ಅಡುಗೆಮನೆಯಲ್ಲಿ ಸಾರು ಕುದಿಸುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಎರಡನೇ ಪ್ಯಾಚು ಹಾಕುವ ದಿನ ನಾನು ಬೇಗ ಅಂಗಡಿಗೆ ಹೋಗಬೇಕಿತ್ತು. ನಮ್ಮ ಮನೆಯವರಿಗೆ ಮೂರು ಸಲ ಹೇಳಿದೆ. "ಎಣ್ಣೆ ಇರಬಾರದು, ಬೆವರು ಇರಬಾರದು. ಚೆನ್ನಾಗಿ ಒಣಗಿರೋ ಜಾಗ ನೋಡಿ ಅಂಟಿಸಿ."

"ಅಷ್ಟೂ ಗೊತ್ತಾಗಲ್ವಾ ನನಗೆ?" ಅಂದರು.

ಆ ಸಲ ನೋವು ತಗ್ಗಲಿಲ್ಲ. ಬರಬರುತ್ತ ಹೆಚ್ಚೇ ಆಯಿತು. ಎರಡನೇ ದಿನ ಅತ್ತೆ ಮಗ್ಗುಲು ತಿರುಗುವಾಗ ಹಲ್ಲು ಕಚ್ಚಿದ ಸದ್ದು ನನಗೆ ಪಕ್ಕದ ಕೋಣೆಗೆ ಕೇಳಿಸಿತು. ಡಾಕ್ಟರಿಗೆ ಫೋನ್ ಮಾಡಿದೆ. "ಇಷ್ಟು ಬೇಗ ಡೋಸ್ ಸಾಲದೆ ಬಂತಾ? ಮೊದಲು ಪ್ಯಾಚ್ ಸರಿಯಾಗಿ ಅಂಟಿದೆಯಾ ನೋಡಿ" ಅಂದರು. ಸುತ್ತಲೂ ನಮ್ಮ ಮನೆಯವರು ಬಿಗಿಯಾಗಿ ಸುತ್ತಿದ್ದ ಟೇಪು ಬಿಚ್ಚಿ ಪ್ಯಾಚು ಎತ್ತಿದೆ. ಅಂಟಿನ ಮೇಲೆ ಅಚ್ಚುಕಟ್ಟಾಗಿ ಮೂರು ಬಿಳಿ ಪಟ್ಟೆ. ಅತ್ತೆ ಸ್ನಾನ ಮಾಡಿ ಹಣೆಗೆ, ಎದೆಗೆ, ಎರಡೂ ತೋಳಿಗೆ ವಿಭೂತಿ ಧರಿಸಿದ ಮೇಲೆ, ಅದರ ಮೇಲೇ ಅಂಟಿಸಿದ್ದರು ಮಹಾನುಭಾವರು.

"ಇದೇನ್ರೀ ಇದು?"

"ಒಣಗಿರೋ ಜಾಗ ಅಂದೆ ತಾನೇ ನೀನು? ಅಮ್ಮನ ಮೈಯಲ್ಲಿ ಅಷ್ಟು ಚೆನ್ನಾಗಿ ಒಣಗಿದ್ದ ಜಾಗ ಇನ್ನೊಂದಿರಲಿಲ್ಲ."

ನಾನು ಬೈಯುವುದಕ್ಕೆ ಶುರು ಮಾಡಿದೆ. ಅತ್ತೆಯೇ ನೋವಿನಲ್ಲೂ ಮಗನ ಪರ ವಹಿಸಿದರು. "ಬೈಬೇಡ ಬುಡೇ ಅವನ್ನ. ವಿಭೂತಿಗೂ ಎಷ್ಟು ವರ್ಷದ ನೋವಿತ್ತೋ ಏನೋ, ಪಾಪ."

ಮಗಳ ಆರೈಕೆ

ಗುಬ್ಬಿಯಿಂದ ನಾದಿನಿ ಒಂದು ವಾರ ಇರುವುದಕ್ಕೆಂದು ಬಂದಳು. ಅಮ್ಮನ ಮೇಲೆ ಪ್ರಾಣ ಅವಳಿಗೆ. ಬರುವಾಗಲೇ ಬ್ಯಾಗಿನಲ್ಲಿ ಬಿಸಿನೀರು ತುಂಬುವ ರಬ್ಬರ್ ಚೀಲ ತಂದಿದ್ದಳು. ಶಾಖ ಕೊಡಬೇಡ ಎಂದು ನಾನು ಅವಳಿಗೆ ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಲೇ ಇಲ್ಲ. ಅಂಗಡಿಯಲ್ಲಿ ದಿನಕ್ಕೆ ನೂರು ಜನಕ್ಕೆ ಹೇಳುವವಳು, ಮನೆಯವರಿಗೆಲ್ಲ ಗೊತ್ತೇ ಇರುತ್ತದೆ ಅಂದುಕೊಂಡೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ನಾದಿನಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು. "ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಾವ್ರೆ ಗೊತ್ತಾ? ಬೆಳಿಗ್ಗೆಯಿಂದ ಒಂದ್ ಸಲ ಅಮ್ಮಾ ಅಂತ ನರಳಿಲ್ಲ. ನಾನು ಬಂದಿದ್ದೇ ಬಂದಿದ್ದು."

ಒಳಗೆ ಹೋಗಿ ನೋಡಿದೆ. ಬಿಸಿನೀರಿನ ಚೀಲ ಸರಿಯಾಗಿ ಪ್ಯಾಚಿನ ಮೇಲಿತ್ತು. ಶಾಖಕ್ಕೆ ಔಷಧಿ ಒಮ್ಮೆಗೇ ಒಳಗೆ ನುಗ್ಗಿತ್ತು; ಅದು ಹೆಚ್ಚಾದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಅತ್ತೆಯ ಒಂದು ಉಸಿರಿಗೂ ಮುಂದಿನ ಉಸಿರಿಗೂ ನಡುವೆ ನಾನು ಎಣಿಸಬಹುದಾಗಿತ್ತು. ಎಣಿಸಿದೆ ಕೂಡ. ಚೀಲ ಎಸೆದು, ಪ್ಯಾಚು ಕಿತ್ತು, ಆಂಬುಲೆನ್ಸ್ ಕರೆಸಿದೆವು. ದಾರಿಯುದ್ದಕ್ಕೂ ನಾದಿನಿ, "ಅಮ್ಮನ ತೋಳು ತಣ್ಣಗಿತ್ತು ಅತ್ತಿಗೆ, ಅದಕ್ಕೇ ಇಟ್ಟೆ" ಎಂದು ಅತ್ತಳು. ಅವಳನ್ನು ಬೈಯುವ ಶಕ್ತಿ ನನಗಿರಲಿಲ್ಲ. ತಪ್ಪಿನಲ್ಲಿ ಮುಕ್ಕಾಲು ಭಾಗ ನನ್ನದೇ.

ಸಂಜೆ ಅತ್ತೆ ಕಣ್ಣು ಬಿಟ್ಟರು. ಮಂಚದ ಸುತ್ತ ಡಾಕ್ಟರು, ನರ್ಸು, ಮಗ, ಮಗಳು, ಸೊಸೆ. ಒಬ್ಬೊಬ್ಬರ ಮುಖವನ್ನೂ ನೋಡಿ ಸಿಡುಕಿದರು:

"ಯಾಕ್ರೋ ಎಬ್ಬಿಸಿದ್ರಿ? ಇವತ್ತೊಂದಿನ ಬೆನ್ನು ನೋಯ್ತಿರ್ಲಿಲ್ಲ."

ಹುಲಿಯೂರುದುರ್ಗದ ತಂಗಿ

ಮನೆಗೆ ಬಂದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅತ್ತೆಯ ಮಂಚದ ಮೇಲೆ ಗೋಡೆಗೆ ಅಂಟಿಸಿದೆ. ಶಾಖ ಕೊಡಬಾರದು. ಎಣ್ಣೆ ಹಚ್ಚಬಾರದು. ವಿಭೂತಿ ಇನ್ನೊಂದು ತೋಳಿಗೆ. ಬರೆಯದೇ ಬಿಟ್ಟದ್ದು ಒಂದೇ: ತಬ್ಬಿಕೊಳ್ಳಬಾರದು.

ಅತ್ತೆಗೆ ಹುಲಿಯೂರುದುರ್ಗದಲ್ಲಿ ಒಬ್ಬ ತಂಗಿ. ನಾನು ಚಿಕ್ಕತ್ತೆ ಅನ್ನುತ್ತೇನೆ. ಅಕ್ಕತಂಗಿಯರಿಗೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಮದುವೆಯೊಂದಕ್ಕೆ ಉಟ್ಟು ಕೊಡುತ್ತೇನೆಂದು ಚಿಕ್ಕತ್ತೆ ಒಯ್ದ ರೇಷ್ಮೆ ಸೀರೆ ವಾಪಸ್ ಬರಲಿಲ್ಲ, ಅಷ್ಟೇ ಕಾರಣ. ಚಿಕ್ಕತ್ತೆಯ ಗುಣವೇ ಹಾಗೆ. ಯಾರ ಮನೆಗೆ ಹೋದರೂ ಹೊರಡುವಾಗ ಉಪ್ಪಿನಕಾಯಿ ಬಾಟಲೋ, ಸ್ಟೀಲ್ ಡಬ್ಬವೋ, ಏನೂ ಇಲ್ಲದಿದ್ದರೆ ಹಿತ್ತಲಿನ ಕರಿಬೇವೋ ಅವರ ಚೀಲದಲ್ಲಿರುತ್ತದೆ.

ಅಕ್ಕನಿಗೆ ಹೀಗಂತೆ ಎಂದು ತಿಳಿದು ಬರುತ್ತೇನೆಂದು ಹೇಳಿ ಕಳಿಸಿದರು. ಅತ್ತೆ ಹಟ ಹಿಡಿದರು. "ಅವಳ ಮುಂದೆ ಮಲಗಿರಲ್ಲ ನಾನು. ನನ್ನ ಕೂರಿಸಿ." ಪ್ಯಾಚಿನ ಒಂದು ಅಂಚು ಬೆವರಿಗೆ ಎದ್ದಿತ್ತು. ಆಮೇಲೆ ಟೇಪು ಹಾಕಿದರಾಯಿತು ಎಂದುಕೊಂಡು ಮರೆತವಳು ಕ್ವಾಲಿಫೈಡ್ ಫಾರ್ಮಸಿಸ್ಟೇ.

ಚಿಕ್ಕತ್ತೆ ಹೊಸ್ತಿಲಲ್ಲೇ ಶುರು ಮಾಡಿದರು. "ಅಯ್ಯೋ ಅಕ್ಕಯ್ಯಾ, ಹೆಂಗಿದ್ದೋಳು ಹೆಂಗಾಗೋದ್ಯೇ!"

ನೆಟ್ಟಗೆ ಕೂತಿದ್ದ ಅತ್ತೆ, "ಸೀರೆ ತಂದ್ಯಾ?" ಅಂದರು.

ಅಲ್ಲಿಗೆ ಇಬ್ಬರೂ ತಬ್ಬಿಕೊಂಡು ಅತ್ತರು. ಚಿಕ್ಕತ್ತೆ ಅವತ್ತು ಉಳಿದುಕೊಂಡರು. ಚಿಕ್ಕವರಿದ್ದಾಗಿನ ಹಾಗೆ ಅಕ್ಕನ ಪಕ್ಕದಲ್ಲೇ ಮಲಗಿದರು.

ಬೆಳಿಗ್ಗೆ ಅತ್ತೆಗೆ ಏಳಲಾಗಲಿಲ್ಲ. ಪೂಜೆಗೂ ಕೂರಲಾಗಲಿಲ್ಲ. ನಿನ್ನೆ ತುಂಬಾ ಹೊತ್ತು ಕೂತದ್ದಕ್ಕೆ ಎಂದುಕೊಂಡೆ. ಚಿಕ್ಕತ್ತೆ ಮಾತ್ರ ಆಕಳಿಸುತ್ತ, "ಏನ್ ಮಾಯವೋ, ನನ್ನ ಮಂಡಿ ನೋವೇ ಇಲ್ಲ ಕಣೇ! ಅಕ್ಕನ ಜೊತೆ ಮಲಗಿದ್ದಕ್ಕೆ" ಎಂದು ಹೇಳಿ, "ಸ್ನಾನ ಊರಿಗೆ ಹೋಗಿ ಮಾಡ್ತೀನಿ" ಎಂದು ಬೆಳಗಿನ ಬಸ್ಸಿಗೆ ಹೊರಟರು.

ಅವರು ಹೋದ ಮೇಲೆ ಅತ್ತೆಯ ತೋಳು ನೋಡಿದೆ. ಪ್ಯಾಚಿಲ್ಲ. ಹಾಸಿಗೆ ಕೊಡವಿದೆ, ದಿಂಬು ಕೊಡವಿದೆ, ಎಲ್ಲೂ ಇಲ್ಲ. ಆಗ ಮಂಡಿ ನೋವಿನ ಮಾಯ ನೆನಪಾಯಿತು.

ಚಿಕ್ಕತ್ತೆಯ ಮೊಬೈಲಿಗೆ ಹೊಡೆದು ಸ್ಪೀಕರಿಗೆ ಹಾಕಿದೆ. ಎತ್ತಿದ್ದು ಕಂಡಕ್ಟರ್.

"ಅಜ್ಜಿ ಒಳ್ಳೆ ನಿದ್ದೇಲವ್ರೆ ಕಣಮ್ಮ. ಕುಣಿಗಲ್ ಇನ್ನೂ ದೂರ ಐತೆ, ಮಲಗ್ಲಿ ಬುಡಿ."

"ಬೇಡ ಅಣ್ಣ, ಎಬ್ಬಿಸಿ! ಅವರ ಕೈ ಮೇಲೆ ಎಲ್ಲಾದ್ರೂ ಪ್ಲಾಸ್ಟಿಕ್ ತರ ಏನಾದ್ರೂ ಅಂಟಿದೆಯಾ ನೋಡಿ."

"ತಡೀರಿ... ಹೂಂ, ಮೊಣಕೈ ಹಿಂದ್ಗಡೆ ಏನೋ ಐತೆ."

"ಕಿತ್ತುಬಿಡಿ! ಬರಿಗೈಲಿ ಮುಟ್ಟಬೇಡಿ, ದಪ್ಪ ಕವರ್ ಏನಾದ್ರೂ ಹಿಡ್ಕೊಂಡು ಕೀಳಿ!"

ಕವರಿನ ಸರಬರ ಸದ್ದು. ಆಮೇಲೆ ಚಿಕ್ಕತ್ತೆಯ ಗಂಟಲು. "ಯಾವನ್ಲಾ ಅವ್ನು! ಮಲಗಿರೋ ಮುದುಕಿ ಬಳೆ ಕಿತ್ಕೋತೀಯಾ? ಹಿಡ್ಕಳ್ರೋ ಇವನ್ನ!" ಬಸ್ಸಿಗೆ ಬಸ್ಸೇ ಎದ್ದಿತು. "ಅಜ್ಜಿ, ನಾನು ಕಂಡಕ್ಟರು!" "ಕಂಡಕ್ಟರಾದ್ರೆ ಟಿಕೆಟ್ ಹರಿಯೋ, ನನ್ನ ಚರ್ಮ ಯಾಕೆ ಹರೀತೀಯ?"

ಪ್ಯಾಚೂ ಕಿತ್ತು ಬಂತು, ಅಷ್ಟು ಕೂಗುವ ಉಸಿರೂ ಇದೆಯಲ್ಲ ಎಂದು ನನಗೆ ಹೋದ ಜೀವ ಬಂತು. ಕುಣಿಗಲ್ ಸ್ಟ್ಯಾಂಡಿನಲ್ಲಿ, ನಾವು ಫೋನ್ ಮಾಡಿ ಕರೆಸಿದ್ದ ಚಿಕ್ಕತ್ತೆಯ ಮಗ ಅವರನ್ನು ಇಳಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ. ಸಂಜೆಯವರೆಗೆ ಇಟ್ಟುಕೊಂಡು, ಏನೂ ತೊಂದರೆಯಿಲ್ಲವೆಂದು ಕಳಿಸಿದರು.

ನಾನು ಅತ್ತೆಗೆ ಹೊಸ ಪ್ಯಾಚು ಅಂಟಿಸಿ, ಅಂಗೈ ಒತ್ತಿ ಹಿಡಿದು ಕೂತೆ. ಅದು ಕೆಲಸ ಶುರು ಮಾಡುವುದಕ್ಕೆ ಅರ್ಧ ದಿನ ಬೇಕು; ಅಲ್ಲಿಯವರೆಗೆ ಮಾತ್ರೆಯಲ್ಲಿ ತಡೆಯಬೇಕು. ಅತ್ತೆಯ ಮುಖ ನೋವಿಗೆ ಬಿಳಿಚಿಕೊಂಡಿತ್ತು. ಫೋನಿನಲ್ಲಿ ಆದದ್ದೆಲ್ಲವನ್ನೂ ಕೇಳಿಸಿಕೊಂಡಿದ್ದರು. ಮೆಲ್ಲಗೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ಬಗ್ಗಿ ನೋಡಿದರೆ, ಬೆನ್ನು ಹಿಡಿದುಕೊಂಡು ನಗುತ್ತಿದ್ದರು. ಕಾಯಿಲೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

"ಹನ್ನೊಂದು ವರ್ಷ ಆದ್ಮೇಲೆ ಬಂದ್ಲು ಕಣೇ" ಅಂದರು. "ನನ್ನ ಹತ್ರ ಇನ್ನೇನೂ ಉಳಿದಿಲ್ಲ ಅನ್ಕೊಂಡಿದ್ದೆ. ಆದ್ರೂ ಬರಿಗೈಲಿ ಹೋಗ್ಲಿಲ್ಲ ನೋಡು."