ತಮ್ಮನ ಪರವಾಗಿ ನಾನೇ ಹೇಳಿದ್ದು

ಕೆಲವರಿಗೆ ಕಂಡವರ ಸಾರಿಗೆಲ್ಲ ಉಪ್ಪು ಹಾಕುವ ಚಟವಿರುತ್ತದೆ. ನನಗೆ ಇನ್ನೊಬ್ಬರು ಆಡಬೇಕಾದ ಮಾತನ್ನು ನಾನೇ ಆಡಿ ಮುಗಿಸುವ ಚಟ. ಅವ್ವ ತೀರಿಕೊಂಡಾಗ ನನ್ನ ತಮ್ಮ ಶಂಕರನಿಗೆ ಐದು ವರ್ಷ. ನಾಲ್ಕನೆಯ ಇಯತ್ತೆಗೆ ನನ್ನ ಶಾಲೆ ಮುಗಿದು, ಅವನ ಪರವಾಗಿ ಮಾತಾಡುವ ಕೆಲಸ ಶುರುವಾಯಿತು. ಡಾಕ್ಟರು ಅವನಿಗೆ ನಾಲಿಗೆ ತೋರಿಸು ಅಂದರೆ ನಾನು ಬಾಯಿ ತೆರೆಯುತ್ತಿದ್ದೆ. ಹೋಟೆಲಿನಲ್ಲಿ ಮಾಣಿ ಅವನ ಕಡೆ ತಿರುಗುವಷ್ಟರಲ್ಲಿ "ಅವಂಗ ಇಡ್ಲಿ" ಎಂದು ಹೇಳಿಬಿಡುತ್ತಿದ್ದೆ. ಅವನಿಗೆ ಇಡ್ಲಿ ಸೇರುವುದಿಲ್ಲ ಎಂದು ನನಗೆ ಗೊತ್ತಾದಾಗ ಅವನಿಗೆ ಇಪ್ಪತ್ತಾರು ವರ್ಷ.

ಆಗ ನಾವಿಬ್ಬರೂ ಡೊಂಬಿವಲಿಯ ಚಾಳೊಂದರ ಖೋಲಿಯಲ್ಲಿದ್ದು, ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಔಷಧಿ ಕಂಪನಿಗೆ ಹೋಗುತ್ತಿದ್ದೆವು. ನಾನು ಪ್ಯಾಕಿಂಗಿನಲ್ಲಿ, ಅವನು ಗುಳಿಗೆ ಒತ್ತುವ ಮಷೀನಿನಲ್ಲಿ. ಮುಂಬೈಯ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ. ಪರ್ಮನೆಂಟ್ ನೌಕರಿ ಎಂದರೆ ಬಂಗಾರ. ಅಂಥದ್ದರಲ್ಲಿ ಒಂದು ಮಳೆಗಾಲದ ಬೆಳಿಗ್ಗೆ, ಮುಂಬ್ರಾದ ತಿರುವಿನಲ್ಲಿ, ಲೋಕಲ್ ರೈಲಿನ ಬಾಗಿಲಲ್ಲಿ ಶಂಕರನ ಪಕ್ಕದಲ್ಲೇ ಜೋತುಬಿದ್ದು ಮಾತಾಡುತ್ತಿದ್ದ ಗೆಳೆಯ ಮಾತಿನ ನಡುವೆಯೇ ಕೈಜಾರಿ ಹೋದ. ಅಂದಿನಿಂದ ಶಂಕರನಿಗೆ ತುಂಬಿದ ಗಾಡಿ ಹತ್ತುವುದೇ ಆಗದು. ನಾನು ಲೇಡೀಸ್ ಡಬ್ಬಿಯವಳು. ಅವನು ಪ್ಲಾಟ್‌ಫಾರ್ಮಿನಲ್ಲಿ ಗಾಡಿಯ ಮೇಲೆ ಗಾಡಿ ಬಿಡುತ್ತ, ಗದ್ದಲ ಕರಗುವ ತನಕ ನಿಂತಿರುತ್ತಿದ್ದುದು ನನಗೆ ತಿಳಿದದ್ದು ಲೇಟ್ ಮಾರ್ಕುಗಳೆಲ್ಲ ಸೇರಿ ಮೆಮೋ ಆಗಿ ಬಂದಮೇಲೆ. ಇನ್ನೊಂದು ಮೆಮೋ ಬಂದರೆ ನೌಕರಿ ಹೋದ ಹಾಗೆಯೇ.

ಅದೇ ವರ್ಷ ಕಂಪನಿಯವರು ದವಾಖಾನೆಯ ಪಕ್ಕದ ಕೋಣೆಯಲ್ಲಿ ಗುರುವಾರಕ್ಕೊಮ್ಮೆ ಒಬ್ಬ ವೆಲ್ಫೇರ್ ಮ್ಯಾಡಮ್ಮನ್ನು ಕೂರಿಸಲು ಶುರುಮಾಡಿದ್ದರು. ಬೋರ್ಡಿನ ಮರಾಠಿಯನ್ನು ಶಂಕರನೇ ನನಗೆ ಓದಿ ಹೇಳಿದ. ಮನೆಯದಿರಲಿ, ಮನಸ್ಸಿನದಿರಲಿ, ಯಾವ ತೊಂದರೆಯನ್ನೂ ಹೇಳಿಕೊಳ್ಳಬಹುದು. ಕೆಲಸದ ವೇಳೆಯಲ್ಲೇ ಹೋಗಬಹುದು. ಹೇಳಿದ್ದು ಸಾಹೇಬರ ಕಿವಿಗೆ ಬೀಳುವುದಿಲ್ಲ. ಕೊನೆಯ ಮಾತಿಗೆ ನಮ್ಮ ಪ್ಯಾಕಿಂಗಿನ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕೆವು.

"ಅಕ್ಕಾ, ನಾ ಒಮ್ಮೆ ಹೋಗಿ ಬರ್ತೀನಿ," ಎಂದ ಶಂಕರ.

"ತಲಿ ಕೆಟ್ಟೈತಿ ಅಂತ ಫೈಲಿನಾಗ ಬರ್ಕೋತಾರ. ಹುಬ್ಬಳ್ಳಿಯವರು ಹುಡಗೀ ಫೋಟೋ ಕಳಿಸ್ಯಾರ, ನೆಪ್ಪೈತಿಲ್ಲೋ?"

"ಗಾಡಿ ಹತ್ತಲಾರದ ಮದುಮಗನ್ನ ಹುಬ್ಬಳ್ಳಿಗೆ ಹ್ಯಾಂಗ ಒಯ್ತಿ? ಇಲ್ಲಿಂದಲೇ ಮೆರವಣಿಗಿ ಹೊಂಡಸೂಣೇನು?"

ಅವನು ಹಟ ಬಿಡಲಿಲ್ಲ. ಸರಿ, ನಾನೂ ಜೊತೆಗೆ ಹೋದೆ. ನಮ್ಮ ಮನೆಯಲ್ಲಿ ಹಿರಿಯರನ್ನು ಬಿಟ್ಟು ಕಿರಿಯರು ಎಲ್ಲಿಯೂ ಒಬ್ಬರೇ ಹೋಗಿ ಕೂತವರಲ್ಲ.

ಮ್ಯಾಡಮ್ ಇನ್ನೂ ಸಣ್ಣ ವಯಸ್ಸಿನವಳು, ಕನ್ನಡಕದವಳು. ಅವಳ ಮರಾಠಿಯನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. "ಶಂಕರ್, ಕೆಲಸಕ್ಕೆ ತಡ ಯಾಕೆ ಆಗ್ತದೆ?" ಎಂದಳು. ಶಂಕರ ಉಸಿರು ಎಳೆದುಕೊಂಡ.

"ನೀರು ಮ್ಯಾಡಮ್," ಎಂದೆ ನಾನು. "ನಮ್ಮ ಚಾಳಿಗೆ ನಳ ಬರೋದೇ ತಡ."

"ರಾತ್ರಿ ನಿದ್ದೆ ಬರ್ತದಾ?"

"ಕುಂಭಕರ್ಣನ ನಿದ್ದೆ ಇವನದು."

"ಊಟ?"

"ಆರು ರೊಟ್ಟಿ." ಆಗ ಅವನು ತಿನ್ನುತ್ತಿದ್ದುದು ಒಂದೂವರೆ.

"ಗಂಗೂಬಾಯಿ, ನೀವು ಐದು ನಿಮಿಷ ಹೊರಗೆ ಕೂತಿರ್ತೀರಾ?"

"ಅಯ್ಯೋ, ಅವನಿಗೆ ಮಾತು ಬರೋದಿಲ್ಲ ಮ್ಯಾಡಮ್, ಭಾಳ ನಾಚಿಕೆ."

ಆಕೆ ಅವನನ್ನೇ ನೋಡಿ, "ಅಕ್ಕ ಹೇಳಿದ್ದೆಲ್ಲ ನಿಜವಾ?" ಎಂದಳು. ಮೇಜಿನ ಕೆಳಗೆ ನಾನು ಅವನ ಕಾಲು ತುಳಿದೆ. ಶಂಕರ ಗೋಡೆಯ ಕ್ಯಾಲೆಂಡರ್ ನೋಡುತ್ತ, "ಹೌದು" ಎಂದ.

ಕಂಪನಿಯ ಸಹಾಯ ಬರುವುದೇನೋ ಬಂತು. ಮರುವಾರ ಸ್ಟೋರಿನವರು ನಮ್ಮನ್ನು ಕರೆದು, ವೆಲ್ಫೇರ್ ಚೀಟಿಯ ಪ್ರಕಾರ, ನೀರು ತುಂಬಿಡಲು ಆಳೆತ್ತರದ ಒಂದು ನೀಲಿ ಡ್ರಮ್ಮು ಕೊಟ್ಟರು. ಲೇಡೀಸ್ ಡಬ್ಬಿಯಲ್ಲಿ ಅರ್ಧ ಊರಿನ ಬೈಗುಳ ತಿನ್ನುತ್ತ ಅದನ್ನು ಡೊಂಬಿವಲಿಗೆ ಸಾಗಿಸಿದೆ. ಇಡೀ ಚಾಳು ಬಂದು ತಟ್ಟಿ ನೋಡಿತು. ನನಗಂತೂ ತವರಿನಿಂದ ಉಡಿ ತುಂಬಿಸಿಕೊಂಡು ಬಂದಷ್ಟು ಹೆಮ್ಮೆ. ಶಂಕರ ಮಾತ್ರ ಅದರ ಸುತ್ತ ಒಂದು ಸುತ್ತು ಬಂದು, "ಇದರಾಗ ಕುಂತು ಖಾಡೀ ನೀರ ದಾಟಿ ಠಾಣಾಕ್ಕ ಹೋಗ್ಲ್ಯಾ, ಅಕ್ಕಾ?" ಎಂದ. ನಾನು ನಕ್ಕೆ. ಅವನು ನಗಲಿಲ್ಲ.

ಎರಡನೆಯ ಮೆಮೋ ಬರುವ ಮೊದಲೇ ಅವನು ರಾಜೀನಾಮೆ ಬರೆದುಕೊಟ್ಟ. ಮನೆಯಿಂದ ನಡೆದೇ ಹೋಗಬಹುದಾದ ಒಂದು ಉಡುಪಿಯವರ ಹೋಟೆಲಿನಲ್ಲಿ ಕೂಪನ್ ಕೊಡುವ ಕೆಲಸ ಹಿಡಿದ. ಪರ್ಮನೆಂಟ್ ಹೋದದ್ದು ತಿಳಿದು ಹುಬ್ಬಳ್ಳಿಯವರು ಹುಡುಗಿಯ ಫೋಟೋ ತಿರುಗಿ ಕೇಳಿದರು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅದಕ್ಕೆ ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ; ಅದು ಹಾಗೇ ಹಳಸಿತು.

ತಡೆಯಲಾರದೆ ಒಂದು ಗುರುವಾರ ನಾನೊಬ್ಬಳೇ ಮ್ಯಾಡಮ್ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಅವತ್ತೇ ಹೇಳಿದ್ದರೆ ಎರಡನೇ ಪಾಳಿಗೆ ಹಾಕಿಸ್ತಿದ್ದೆ. ಮಧ್ಯಾಹ್ನದ ಗಾಡಿ ಖಾಲಿ ಇರ್ತದೆ. ಇಲ್ಲೇ ಇಬ್ಬರಿಗೆ ಮಾಡಿಸಿಕೊಟ್ಟಿದ್ದೇನೆ."

"ಯಾರಿಗೆ ಮ್ಯಾಡಮ್?" ಎಂದೆ, ಅಂಥ ಹೊತ್ತಿನಲ್ಲೂ.

"ಅದನ್ನ ಹೇಳೋ ಹಾಗಿಲ್ಲ."

ಬೋರ್ಡಿನ ಮೇಲೆ ಬರೆದದ್ದು ನಿಜವೆಂದು ನಾನು ನಂಬಿದ್ದು ಆಗ. ಅಷ್ಟರಲ್ಲಿ ನೌಕರಿ ಹೋಗಿ ಮೂರು ತಿಂಗಳಾಗಿತ್ತು.

"ಅವನು ಈಗ ಕಂಪನಿಯವನಲ್ಲ. ಆದರೆ ನೀವಿದ್ದೀರಿ; ಕೆಲಸಗಾರರ ಮನೆಯವರೂ ಬರಬಹುದು ಅಂತ ನಿಯಮ ಇದೆ," ಎಂದಳು ಮ್ಯಾಡಮ್. "ಕಳಿಸಿ. ಕಳಿಸಿ ಅಂದೆ, ಕರಕೊಂಡು ಬನ್ನಿ ಅನ್ನಲಿಲ್ಲ."

ಶಂಕರ ಹೋದ. ಮೂರು ತಿಂಗಳು ಗಾಡಿಯನ್ನೇ ಬಿಟ್ಟಿದ್ದವನಿಗೆ ಈಗ ಖಾಲಿ ಗಾಡಿಯೂ ಆಗದು. ಅರ್ಧ ತಾಸಿನ ದಾರಿಗೆ ಕಲ್ಯಾಣ, ಭಿವಂಡಿ ಸುತ್ತಿ, ಬಸ್ಸಿನ ಮೇಲೆ ಬಸ್ಸು ಬದಲಾಯಿಸಿ, ಎರಡೂವರೆ ತಾಸು. ಗುರುವಾರಕ್ಕೊಮ್ಮೆ ಹಾಗೆ ಹೋಗಿಬರುತ್ತಿದ್ದವನು ಐದಾರು ತಿಂಗಳಿಗೆ ಮಧ್ಯಾಹ್ನದ ಲೋಕಲ್ ಹತ್ತಿ, ಕಿಟಕಿಯಿಂದ ದೂರ ಕೂತು ಹೋದ. ಗುಳಿಗೆ ಮಷೀನಿಗೆ ಅಷ್ಟರಲ್ಲಿ ಬೇರೆಯವರು ಬಂದಿದ್ದರು. ಆ ಜಾಗ ಅವನಿಗೆ ಮತ್ತೆ ಸಿಗಲಿಲ್ಲ.

ಆ ಕೋಣೆಯಲ್ಲಿ ಅವನು ಏನು ಹೇಳಿಕೊಂಡನೆಂದು ನಾನು ಕೇಳಿಲ್ಲ. ಕೇಳಿದ್ದು ನಾಲ್ಕೇ ಸಲ. ನಾಲ್ಕನೆಯ ಸಲ ಅವನು, "ಅಲ್ಲಿ ನಿನ್ನ ಮಾತೂ ಬರ್ತದ, ಅಕ್ಕಾ," ಎಂದಷ್ಟೇ ಹೇಳಿ, ಚಹಾದ ಕಪ್ಪು ಹಿಡಿದುಕೊಂಡು ಹೊರಗೆ ಹೋಗಿ ನಿಂತ. ನಾನು ಒಲೆಯ ಮುಂದೆ ಕೂತು, ನನ್ನ ಬಗ್ಗೆ ಏನೇನು ಹೇಳಿರಬಹುದು ಎಂದು ಅವನ ಪರವಾಗಿ ನಾನೇ ಒಂದೊಂದಾಗಿ ಹೇಳಿಕೊಳ್ಳುತ್ತ ಹೋದೆ. ಇಡ್ಲಿಯಿಂದ ಹಿಡಿದು ಡ್ರಮ್ಮಿನ ತನಕ, ಅವನು ಹೊಟ್ಟೆಯಲ್ಲಿ ಹಾಕಿಕೊಂಡ ಯಾವುದನ್ನೂ ನಾನು ಬಿಡಲಿಲ್ಲ.